ಕಳೆನಾಶಕವನ್ನು ತಬ್ಬಿಕೊಂಡ ಇಪ್ಪತ್ತು ದಿನ

ಮಾರ್ಚ್ ೩, ಸೋಮವಾರ

ಡಾಕ್ಟರು ಹೇಳಿದರೆಂದು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಐವತ್ತಾರನೆಯ ವಯಸ್ಸಿನಲ್ಲಿ ದಿನಚರಿ ಬರೆಯುವ ಹುಚ್ಚು ನನಗೇನೂ ಹಿಡಿದಿಲ್ಲ. "ಸಿಟ್ಟು ಬಂದಾಗ ಕೂಗಬೇಡಿ, ಕೂತು ಬರೀರಿ. ಬಿ.ಪಿ. ತಾನಾಗೇ ಇಳಿಯುತ್ತೆ" ಅಂದರು. ಹೆಂಡತಿ ಅವತ್ತೇ ನೋಟ್‌ಬುಕ್ ತಂದಳು. "ಇನ್ನೂರು ಪುಟದ್ದೇ ತಂದಿದೀನಿ. ನೂರು ಪುಟ ನಿಮ್ಮ ಸಿಟ್ಟಿಗೆ ಯಾವ ಮೂಲೆಗೂ ಸಾಲಲ್ಲ" ಅಂದಳು. ಮೊದಲ ಸಿಟ್ಟು ಅವಳ ಮೇಲೆಯೇ ಬಂತು. ಬರೆದೆ. ಇಳಿಯಲಿಲ್ಲ.

ಸರಿ, ಮೊದಲಿನಿಂದ ಬರೆಯೋಣ. ನಾನು ಕಳೆ ಸಂಶೋಧನಾ ಕೇಂದ್ರದಲ್ಲಿ ಉಪಕರಣಗಳ ಉಗ್ರಾಣ ನೋಡಿಕೊಳ್ಳುವವನು. ಕಳೆನಾಶಕ ಸಿಂಪಡಿಸುವ ಪಂಪುಗಳೆಲ್ಲ ನನ್ನ ಸುಪರ್ದಿಯಲ್ಲಿವೆ. "ಬಳಸುವ ಮೊದಲು ಮೂರು ಸಲ ತೊಳೆಯಿರಿ, ಬಳಸಿದ ಮೇಲೆ ಮೂರು ಸಲ ತೊಳೆಯಿರಿ" ಎಂದು ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದವನು ನಾನೇ. ಪಂಪಿನ ತಳದಲ್ಲಿ ಒಂದು ಲೋಟದಷ್ಟು ಕಳೆನಾಶಕ ಉಳಿದರೂ ಮುಂದೆ ಅದು ಯಾವ ಗಿಡದ ಮೇಲೆ ಬೀಳುತ್ತದೋ ಆ ಗಿಡದ ಕಥೆ ಮುಗಿಯಿತು. ದೊಡ್ಡ ದೊಡ್ಡ ವಿಜ್ಞಾನಿಗಳೂ ನನ್ನನ್ನು ಕಂಡರೆ ತೊಳೆಯದ ಪಂಪನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ಗಳಿಸಿದ ಹೆಸರು ನನ್ನದು.

ಆ ಹೆಸರಿಗೆ ಮಸಿ ಬಳಿದವನು ನಮ್ಮ ಮನೆಯ ಮಹಡಿಯಲ್ಲೇ ಇದ್ದಾನೆ. ಸಂಬಂಧದಲ್ಲಿ ತಮ್ಮ. ಅದೇ ಕೇಂದ್ರದಲ್ಲಿ ಹೊಲದ ಮೇಸ್ತ್ರಿ. ಮೂರು ವರ್ಷದ ಹಿಂದೆ ತಾರಸಿಯ ಮೇಲೆ ಒಂದು ಕುಂಬಳಬಳ್ಳಿ ಬೆಳೆಸಿದ್ದ. ಒಂದೇ ಒಂದು ಕಾಯಿ ಉಳಿಸಿಕೊಂಡು, ಅದಕ್ಕೆ "ಸಾಹೇಬ್ರು" ಅಂತ ಹೆಸರಿಟ್ಟು, ಬಿಸಿಲೇರಿದರೆ ಕೊಡೆ ಹಿಡಿಯುತ್ತಿದ್ದ. ಕೇಂದ್ರದ ಪ್ರದರ್ಶನದಲ್ಲಿ ಅತಿ ದೊಡ್ಡ ಕಾಯಿಗೆ ಕೊಡುವ ಬಹುಮಾನದ ಮೇಲೆ ಅವನ ಕಣ್ಣು. ಅಣ್ಣನಾದವನು ನಾನು, ಇರಲಿ ಪಾಪ ಅಂತ, ಉಗ್ರಾಣದಿಂದ ಪಂಪು ತಂದು ಬಳ್ಳಿಗೆ ದ್ರವಗೊಬ್ಬರ ಸಿಂಪಡಿಸಿದೆ. ವಾರದಲ್ಲಿ ಚಿಗುರು ಹಳದಿಯಾಯಿತು. ಹದಿನೈದು ದಿನಕ್ಕೆ ಬಳ್ಳಿ ಒಣಗಿ, ಸಾಹೇಬ್ರು ಮೆತ್ತಗಾಗಿ ಕುಸಿದುಬಿಟ್ಟರು. "ಪಂಪು ತೊಳೆಯದೆ ತಂದಿದೀಯ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಯಾರಿಗೆ? ನನಗೆ! ಅವತ್ತಿನಿಂದ ಮಾತಿಲ್ಲ. ಮಹಡಿಯವನು ಅಂತಲೇ ಕರೆಯುತ್ತೇನೆ, ಅದೂ ಕರೆಯಲೇಬೇಕಾದಾಗ.

ಇಲ್ಲಿ ಬರೆದಿಡುತ್ತೇನೆ: ಮೂರು ಸಲ ತೊಳೆದಿದ್ದೆ. ನನ್ನ ಕೈಯಾರೆ.

ಮಾರ್ಚ್ ೪, ಮಂಗಳವಾರ

ಡಾಕ್ಟರ ಔಷಧಕ್ಕೆ ಇವತ್ತು ಒಳ್ಳೆಯ ಕೆಲಸ ಸಿಕ್ಕಿತು.

ಕೇಂದ್ರಕ್ಕೆ ಹೊಸದಾಗಿ ಬಂದ ವಿಜ್ಞಾನಿ ಮೇಡಂ ಕರೆಸಿದರು. ಹೆಚ್ಚೆಂದರೆ ಮೂವತ್ತು ವಯಸ್ಸು, ಕುರ್ಚಿಯಲ್ಲಿ ಕೂರುವುದೇ ಇಲ್ಲ. ಇಪ್ಪತ್ತೆರಡನೇ ತಾರೀಕು ಪ್ರದರ್ಶನ, ಮುನ್ನೂರು ರೈತರು ಬರುತ್ತಾರೆ. "ಭಾಷಣ ಕೇಳಿ ಕೇಳಿ ಅವರಿಗೆ ಸಾಕಾಗಿದೆ ಸರ್. ಈ ಸಲ ನಾಟಕ. ಕಳೆನಾಶಕ ಗಿಡದ ಒಳಗೆ ಹೋಗಿ ಏನು ಮಾಡುತ್ತೆ ಅಂತ ಆಡಿ ತೋರಿಸೋಣ. ನೀವು ಕಿಣ್ವ."

"ನಾನ್ಯಾಕೆ ಮೇಡಂ?"

"ನಿಮ್ಮ ತೋಳು ನೋಡಿ ಸರ್. ಎರಡೂ ಕಡೆಯಿಂದ ಬಂದು ಮುಚ್ಕೊಳ್ಳೋ ಕಿಣ್ವಕ್ಕೆ ಇದಕ್ಕಿಂತ ಒಳ್ಳೇ ತೋಳು ಈ ಕೇಂದ್ರದಲ್ಲೇ ಇಲ್ಲ."

ಸುಳ್ಳು ಯಾಕೆ, ಖುಷಿಯಾಯಿತು. ಆಮೇಲೆ ಮೇಡಂ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಕಿಣ್ವ ಅಂದರೆ ದುಡಿಯುವ ಪ್ರೋಟೀನು, ಗಿಡದೊಳಗಿನ ಪುಟ್ಟ ಕಾರ್ಖಾನೆ. ಒಂದನೇ ಸರಕು ಬಂದು ಅದರೊಳಗೆ ಕೂರುತ್ತದೆ. ಕೂತ ಕೂಡಲೇ ಕಿಣ್ವ ಎರಡು ತೋಳಿನ ಹಾಗೆ ಮುಚ್ಚಿಕೊಳ್ಳುತ್ತದೆ. ಆಗ ಎರಡನೇ ಸರಕು ಬಂದು ಪಕ್ಕದ ಜಾಗದಲ್ಲಿ ಕೂರುತ್ತದೆ. ಎರಡನ್ನೂ ಬೆಸೆದು ಮುಂದಕ್ಕೆ ಕಳಿಸಿದರೆ, ಕೊನೆಗೆ ಗಿಡಕ್ಕೆ ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವಂಥ ಮೂರು ಅಮೈನೋ ಆಮ್ಲಗಳು ಸಿಗುತ್ತವೆ. ಗ್ಲೈಫೋಸೇಟ್ ಎಂಬ ಕಳೆನಾಶಕದ ಕಿತಾಪತಿ ಇಷ್ಟೇ: ಎರಡನೇ ಸರಕಿನ ಜಾಗದಲ್ಲಿ ತಾನು ಬಂದು ಕೂತುಬಿಡುತ್ತದೆ. ಕಿಣ್ವ ಅದನ್ನೂ ಒಂದನೇ ಸರಕನ್ನೂ ತಬ್ಬಿಕೊಂಡು ಅಲುಗಾಡದೆ ನಿಲ್ಲುತ್ತದೆ. ಕಾರ್ಖಾನೆ ಬಂದ್. ಗಿಡ ಉಪವಾಸ ಬಿದ್ದು ಸಾಯುತ್ತದೆ. ಇಪ್ಪತ್ತೇಳು ವರ್ಷ ಆ ಡಬ್ಬಗಳನ್ನು ಎತ್ತಿಟ್ಟಿದ್ದೇನೆ, ಒಳಗಿನ ಕಥೆ ಇವತ್ತೇ ಗೊತ್ತಾಗಿದ್ದು.

ಒಂದನೇ ಸರಕು ನಮ್ಮ ಜೀಪ್ ಡ್ರೈವರು. ಎರಡನೇ ಸರಕು ಗೇಟಿನ ವಾಚ್‌ಮನ್. "ಕಳೆನಾಶಕಕ್ಕೆ ಸಣ್ಣ ಮೈಕಟ್ಟಿನವರು ಬೇಕು. ಹೊಲದ ಮೇಸ್ತ್ರಿ ಇದಾರಲ್ಲ, ಅವರಿಗೆ ಹೇಳಿದೀನಿ" ಅಂದರು ಮೇಡಂ. ಪಕ್ಕದಲ್ಲೇ ನಿಂತಿದ್ದ ಡ್ರೈವರು ಛಾವಣಿ ನೋಡತೊಡಗಿದ.

"ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ."

"ಯಾಕೆ ಸರ್? ಅವರು ನಿಮ್ಮ ತಮ್ಮ ಅಂತೆ! ಇನ್ನೂ ಒಳ್ಳೇದೇ ಆಯ್ತು, ತಬ್ಕೊಳ್ಳೋಕೆ ಸಂಕೋಚ ಇರಲ್ಲ."

ಈ ಡ್ರೈವರು ಅರ್ಧ ವಿಷಯ ಮಾತ್ರ ಹೇಳಿದ್ದಾನೆ. ಉಳಿದರ್ಧ ಹೇಳಲು ನನಗೆ ಬಾಯಿ ಬರಲಿಲ್ಲ.

ಮಾರ್ಚ್ ೬, ಗುರುವಾರ

ಮೊದಲ ತಾಲೀಮು, ಊಟದ ಬಿಡುವಿನಲ್ಲಿ, ಬೀಜದ ಕೋಣೆಯಲ್ಲಿ. ನಾನು ತೋಳು ಚಾಚಿಕೊಂಡು ಬೆಂಚಿನ ನಡುವೆ ಕೂತೆ. ಡ್ರೈವರು ಬಂದು ಎಡಕ್ಕೆ ಕೂತ. ಅವನ ತಲೆ ನನ್ನ ಹೆಗಲಿಗೆ ತಾಗಿದ್ದೇ ತಡ, ಗೊರಕೆ. ಒರಗಿದಲ್ಲೇ ನಿದ್ದೆ ಹೋಗುವ ಈ ಮನುಷ್ಯನ ಜೀಪಿನಲ್ಲಿ ಇಷ್ಟು ವರ್ಷ ಕೂತು ಓಡಾಡಿದ್ದೇನಲ್ಲ ಎಂದು ಬೆವರಿದೆ.

ಆಮೇಲೆ ಮಹಡಿಯವನು ಬಂದ. ಮುಖ ಗೋಡೆಯ ಕಡೆ. ಬಲಕ್ಕೆ ಕೂತ, ಅಂದರೆ ಅರ್ಧ ಮೈ ಬೆಂಚಿನ ಹೊರಗೆ. ನಾನು ಒದ್ದೆ ಕೊಡೆ ಹಿಡಿಯುವ ಹಾಗೆ ಎರಡೇ ಬೆರಳಿನಲ್ಲಿ ಅವನ ಅಂಗಿಯ ಭುಜ ಹಿಡಿದೆ.

"ಸಡಿಲ! ಸಡಿಲ!" ಮೇಡಂ ಚಪ್ಪಾಳೆ ತಟ್ಟಿದರು. "ಹೀಗೆ ಹಿಡಿದ್ರೆ ಕಳೆ ಸಾಯಲ್ಲ ಸರ್, ಹೂಬಿಟ್ಟು ಬೀಜ ಉದುರಿಸುತ್ತೆ. ಗಟ್ಟಿಯಾಗಿ ತಬ್ಕೊಳ್ಳಿ. ಮಧ್ಯೆ ಗಾಳೀನೂ ನುಸುಳಬಾರದು."

ಎಂಟು ಸಲ ಮಾಡಿಸಿದರು. ಎಂಟು ಸಲವೂ ಕಳೆ ಬದುಕಿತು. ಕೊರಳಿಗೆ "ಎರಡನೇ ಸರಕು" ಎಂಬ ರಟ್ಟು ನೇತುಹಾಕಿಕೊಂಡಿದ್ದ ವಾಚ್‌ಮನ್, "ನನ್ನ ಜಾಗ ಖಾಲಿ ಇದ್ಯೋ ಇಲ್ವೋ ಬೇಗ ಹೇಳಿ, ಅಲ್ಲಿ ಗೇಟಲ್ಲಿ ಯಾರೂ ಇಲ್ಲ" ಅಂತ ಗೊಣಗುತ್ತಿದ್ದ.

ಬಿ.ಪಿ. ನೂರಾ ಅರುವತ್ತೆಂಟು. ಮೇಡಂಗೆ ಬಿಲ್ಲು ಕಳಿಸಬೇಕು.

ಮಾರ್ಚ್ ೭, ಶುಕ್ರವಾರ

ಮೂರನೇ ದೃಶ್ಯ ಕೈಗೆ ಬಂತು. ಮೇಡಂ ಬಗ್ಗೆ ಗೌರವ ಹೆಚ್ಚಾಯಿತು.

ವಿಷಯ ಹೀಗಿದೆ. ಕಿಣ್ವವೆಂದರೆ ನಾನೂರಕ್ಕೂ ಹೆಚ್ಚು ಮಣಿ ಪೋಣಿಸಿದ ಸರವನ್ನು ಮಡಿಸಿ ಮುದ್ದೆ ಮಾಡಿದ ಹಾಗೆ. ವರ್ಷವರ್ಷವೂ ಒಂದೇ ಕಳೆನಾಶಕ ಹೊಡೆಯುತ್ತಿದ್ದರೆ, ಲಕ್ಷಾಂತರ ಕಳೆಗಳ ನಡುವೆ ಎಲ್ಲೋ ಒಂದು, ನೂರ ಆರನೆಯ ಮಣಿ ಬದಲಾಗಿ ಹುಟ್ಟಿದ್ದು, ಉಳಿದುಕೊಳ್ಳುತ್ತದೆ. ಒಂದೇ ಮಣಿ! ಅಷ್ಟಕ್ಕೇ ಕೂರುವ ಜಾಗ ಎಳೆಯಷ್ಟು ಕಿರಿದಾಗುತ್ತದೆ. ಎರಡನೇ ಸರಕು ಹೇಗೋ ಹಿಡಿಸುತ್ತದೆ, ಕಳೆನಾಶಕ ಹಿಡಿಸುವುದಿಲ್ಲ. ಆಗ ನಾನು ಮಹಡಿಯವನನ್ನು ತಳ್ಳಿ, "ನಿನಗಿಲ್ಲಿ ಜಾಗ ಇಲ್ಲ, ಹೋಗು!" ಅನ್ನಬೇಕು. ಇಡೀ ನಾಟಕದಲ್ಲಿ ನನಗಿರುವುದು ಅದೊಂದೇ ಮಾತು. ಎಂಥ ಮಾತು! ಕನ್ನಡಿಯ ಮುಂದೆ ಹದಿನಾಲ್ಕು ಸಲ ಹೇಳಿಕೊಂಡೆ.

ಮಧ್ಯಾಹ್ನ ಊಟದ ಮೇಜಿನ ಕುರ್ಚಿಗಳನ್ನು ಜೋಡಿಸಿ ಅಮ್ಮನಿಗೆ ವಿವರಿಸಿದೆ. ಅಮ್ಮ ಮಧ್ಯಾಹ್ನದ ಊಟ ನಮ್ಮಲ್ಲಿ, ರಾತ್ರಿಯದು ಮಹಡಿಯಲ್ಲಿ ಮಾಡುತ್ತಾಳೆ. ನೀರಿನ ಮೋಟಾರು ಯಾವಾಗ ಹಾಕಬೇಕು, ಗ್ಯಾಸಿನವನು ಬಂದನೇ ಎಂಬ ವಿಷಯಗಳೆಲ್ಲ ಎಂಬತ್ತು ವರ್ಷದ ಅವಳ ಮೂಲಕವೇ ಮೆಟ್ಟಿಲು ಹತ್ತಿ ಇಳಿಯುತ್ತವೆ.

"ಈ ಕಿಣ್ವ ನಮ್ಮ ಮೈಯಲ್ಲೂ ಇದ್ಯಾ?" ಅಂದಳು.

"ಇಲ್ಲಮ್ಮ. ಅದು ತಯಾರಿಸೋದೆಲ್ಲ ನಮಗೆ ಊಟದಲ್ಲೇ ಸಿಗುತ್ತೆ."

"ಅದಕ್ಕೇ ನೀನು ಹೀಗೆ ಬಿಡುವಿಲ್ಲದೆ ತಿನ್ನೋದು" ಅಂದಳು. ಎರಡನೇ ಸರಕಿನ ಕುರ್ಚಿಯಲ್ಲಿ ಕೂತು, "ನಿಜ ಹೇಳು, ಆ ಪಂಪು ತೊಳೆದಿದ್ಯಾ?" ಅಂದಳು.

ಎಂಥ ಪ್ರಶ್ನೆ! ತೊಳೆದಿದ್ದೆ. ಎರಡು ಸಲವಂತೂ ಖಂಡಿತ.

ಮಾರ್ಚ್ ೧೦, ಸೋಮವಾರ

ವೇಷ ಬಂತು. ಹಾಸಿಗೆಯ ಸ್ಪಂಜು ಕತ್ತರಿಸಿ ಹಸಿರು ಬಣ್ಣ ಬಳಿದು ಮೇಡಂ ತಾವೇ ಹೊಲಿದಿದ್ದಾರೆ. ಎರಡೂ ಪಕ್ಕೆಯಲ್ಲಿ ಸರಕುಗಳು ಕೂರಲು ತಗ್ಗು ಬಿಟ್ಟಿದ್ದಾರೆ. ತೊಟ್ಟುಕೊಂಡೆ. ತೊಟ್ಟ ಮೇಲೆ ಬೀಜದ ಕೋಣೆಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡೆ. ಡ್ರೈವರು ಹೊರಗಿನಿಂದ ಎಳೆದ, ವಾಚ್‌ಮನ್ ಒಳಗಿನಿಂದ ಕಾಲು ಕೊಟ್ಟು ಒತ್ತಿದ. ಹತ್ತು ನಿಮಿಷ ನಾನು ಕೇಂದ್ರದ ಬಾಗಿಲಾಗಿದ್ದೆ. ನಿರ್ದೇಶಕರು ಆ ದಾರಿಯಾಗಿ ಬಂದು, ನನ್ನನ್ನು ನೋಡಿ, ಏನೂ ಕೇಳದೆ ವಾಪಸ್ ಹೋದರು.

ಆದರೆ ಬರೆಯಲು ಕೂತಿದ್ದು ಅದಕ್ಕಲ್ಲ. ಎರಡನೇ ದೃಶ್ಯದಲ್ಲಿ ಮೇಡಂ ಗಡಿಯಾರ ಹಿಡಿದು ನಿಂತಿದ್ದರು. ಮೂರು ನಿಮಿಷ ತಬ್ಬಿಕೊಂಡಿರಬೇಕು. ಎರಡನೇ ನಿಮಿಷದಲ್ಲಿ ಮಹಡಿಯವನು ಮಾತಾಡಿದ. ಮೂರು ವರ್ಷದ ನಂತರ ನನ್ನೊಂದಿಗೆ ಆಡಿದ ಮೊದಲ ಮಾತು.

"ಮೊಣಕೈ" ಅಂದ.

ಅಷ್ಟೇ. ನನ್ನ ಮೊಣಕೈ ಅವನ ಪಕ್ಕೆಲುಬಿಗೆ ಒತ್ತುತ್ತಿತ್ತು ಅಂತ ಕಾಣುತ್ತದೆ. ಏನು ಸೊಕ್ಕು! "ಅಣ್ಣ, ಸ್ವಲ್ಪ ಮೊಣಕೈ" ಅಂದಿದ್ದರೆ ಗಂಟೇನು ಹೋಗುತ್ತಿತ್ತು? ಸಂಜೆಯೆಲ್ಲ ಅದನ್ನೇ ಯೋಚಿಸಿದೆ. ಮೊಣಕೈ. ಮೊಣಕೈ ಅಂತೆ.

ಮಾರ್ಚ್ ೧೧, ಮಂಗಳವಾರ

ಇವತ್ತು ಉತ್ತರ ಕೊಟ್ಟೆ. "ಸರಿ" ಅಂದೆ. ಮೊಣಕೈ ತೆಗೆದೆ.

ಮಾರ್ಚ್ ೧೩, ಗುರುವಾರ

ಕಳೆ ಸತ್ತಿತು! "ಸತ್ತೇಹೋಯ್ತು! ಸೂಪರ್ ಸರ್!" ಅಂತ ಮೇಡಂ ಕುಣಿದರು. ಡ್ರೈವರಿಗೆ ಎಚ್ಚರವಾಗಿ ಅವನೂ ಚಪ್ಪಾಳೆ ತಟ್ಟಿದ.

ಗಟ್ಟಿಯಾಗಿ ಹಿಡಿಯಲು ಒಂದು ಉಪಾಯವಿದೆ. ಎದುರಿನವನು ಯಾರು ಎಂದು ಯೋಚಿಸಬಾರದು. ನಾನು ಯೋಚಿಸಲಿಲ್ಲ. ಅವನ ಕಿವಿಯ ಮೇಲೆ ಕೂದಲು ಪೂರ್ತಿ ಬೆಳ್ಳಗಾಗಿದೆ. ಭುಜದ ಮೂಳೆ ಕೈಗೆ ಸಿಗುತ್ತದೆ, ಮೊದಲು ಸಿಗುತ್ತಿರಲಿಲ್ಲ. ಉಸಿರಾಡಿದರೆ ಮೂಗಿನಲ್ಲಿ ಸಿಳ್ಳೆ. ಚಿಕ್ಕಂದಿನಲ್ಲಿ ಒಂದೇ ಹೊದಿಕೆಯಲ್ಲಿ ಮಲಗುತ್ತಿದ್ದಾಗಲೂ ಹೀಗೇ ಸಿಳ್ಳೆ ಹಾಕುತ್ತಿದ್ದ, ನಾನು ಮೂಗು ಹಿಂಡುತ್ತಿದ್ದೆ. ಇದೆಲ್ಲ ಗಮನಕ್ಕೆ ಬಂತು, ಅಷ್ಟೇ. ಯೋಚಿಸಲಿಲ್ಲ.

ಮೂರನೇ ದೃಶ್ಯದಲ್ಲಿ ನನ್ನ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳಿದೆ ಅಂತ ಮೇಡಂ ತಕರಾರು. ಗಂಟಲು ಕೆರೆತ ಅಂದೆ.

ಮನೆಗೆ ಬಂದು ಸೋಫಾದ ಮೇಲೆ ಕಾಲು ಚಾಚಿದರೆ ಹೆಂಡತಿ, "ಏಳಿ ಕಳೆನಾಶಕ, ಬಟ್ಟೆ ಮಡಚೋಕೆ ಜಾಗ ಬೇಕು" ಅಂದಳು. ಈ ಮನೆಯಲ್ಲಿ ವಿಜ್ಞಾನ ಕಲಿಸಿದ್ದೇ ತಪ್ಪಾಯಿತು.

ಅಂದಹಾಗೆ, ಪಂಪಿನ ವಿಷಯ. ಒಂದು ಸಲ ನೀರು ತುಂಬಿ ಜೋರಾಗಿ ಕುಲುಕಿದರೂ ತೊಳೆದ ಹಾಗೆಯೇ ಲೆಕ್ಕ.

ಮಾರ್ಚ್ ೧೫, ಶನಿವಾರ

ಹೆಂಡತಿ ಮೆಟ್ಟಿಲ ಮೇಲಿಂದ ಸುದ್ದಿ ತಂದಳು. ಓರಗಿತ್ತಿಯರಿಬ್ಬರೂ ದಿನಕ್ಕೆ ಎರಡು ಗಂಟೆ ಮೆಟ್ಟಿಲ ಮೇಲೆ ಕೂತು ಹರಟುತ್ತಾರೆ. ಗಂಡಂದಿರ ಜಗಳ ಅವರಿಗೆ ಅನ್ವಯಿಸುವುದಿಲ್ಲವಂತೆ.

"ಮಹಡಿ ಮೇಲಿನವರಿಗೆ ವರ್ಗ ಆಗಿದೆ. ಬೇರೆ ಕೇಂದ್ರಕ್ಕೆ. ರೈಲಲ್ಲಿ ಒಂದು ಹಗಲು ಪ್ರಯಾಣ ಅಂತೆ. ಇಪ್ಪತ್ತೈದಕ್ಕೆ ಲಾರಿ ಬರುತ್ತೆ."

"ಒಳ್ಳೇದಾಯ್ತು" ಅಂದೆ.

"ತಾವೇ ಕೇಳಿ ಹಾಕಿಸ್ಕೊಂಡಿದಾರೆ" ಅಂದಳು. "ಒಂದೇ ಮನೇಲಿ ಇದ್ಕೊಂಡು ಮುಖ ತಿರುಗಿಸ್ಕೊಂಡು ಓಡಾಡೋದು ನನ್ನ ಕೈಲಿ ಆಗ್ತಿಲ್ಲ ಅಂದ್ರಂತೆ. ನಾಟಕ ಶುರುವಾಗೋಕೆ ಮೊದಲೇ ಅರ್ಜಿ ಕೊಟ್ಟಾಗಿತ್ತಂತೆ."

ಒಳ್ಳೆಯದೇ ಆಯಿತು. ಮಹಡಿ ಖಾಲಿಯಾಗುತ್ತದೆ. ಎಷ್ಟೊಂದು ಜಾಗ. ಅಲ್ಲಿ ಬೇಕಾದ್ದು ಇಡಬಹುದು. ಏನಿಡಬಹುದೆಂದು ಸಂಜೆಯಿಂದ ಯೋಚಿಸುತ್ತಿದ್ದೇನೆ. ಒಂದು ಹಳೆಯ ಮಡಿಸುವ ಮಂಚ ಬಿಟ್ಟು ಬೇರೇನೂ ಹೊಳೆದಿಲ್ಲ.

ಮಾರ್ಚ್ ೧೭, ಸೋಮವಾರ

"ನಿನಗಿಲ್ಲಿ ಜಾಗ" ಅಂದೆ. ಮುಂದಿನ ಮಾತು ಬರಲಿಲ್ಲ. ಮೇಡಂ ಪಕ್ಕದಿಂದ "ಇಲ್ಲ, ಇಲ್ಲ" ಅಂತ ಪಿಸುಗುಟ್ಟಿದರು. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. "ಇದೆ" ಅಂದುಬಿಟ್ಟೆ. ವಾಚ್‌ಮನ್ ತಲೆ ಚಚ್ಚಿಕೊಂಡ.

"ಸರ್, ನಿಮಗಿರೋದೇ ನಾಲ್ಕು ಪದ" ಅಂದರು ಮೇಡಂ.

ಬಿ.ಪಿ. ನೋಡಿಸಿದೆ. ನೂರಾ ಮೂವತ್ತೆಂಟು. ಯಂತ್ರ ಕೆಟ್ಟಿರಬೇಕು.

ಮಾರ್ಚ್ ೧೮, ಮಂಗಳವಾರ

ಬರೆಯಲು ಏನೂ ಇಲ್ಲ. ಮಹಡಿಯಲ್ಲಿ ಸಾಮಾನು ಕಟ್ಟುವ ಸದ್ದು. ಪೆಟ್ಟಿಗೆ ಎಳೆದಾಗಲೆಲ್ಲ ನನ್ನ ತಲೆಯ ಮೇಲೆ ಎಳೆದಂತಾಗುತ್ತದೆ.

ಮಾರ್ಚ್ ೨೦, ಗುರುವಾರ

ಇವತ್ತು ಉಗ್ರಾಣದಲ್ಲಿ ಮೂರು ವರ್ಷದ ಹಿಂದಿನ ತೊಳೆಯುವ ಪುಸ್ತಕ ಹುಡುಕಿ ತೆಗೆದೆ. ಪ್ರತಿ ಪಂಪನ್ನೂ ಯಾರು, ಯಾವಾಗ, ಎಷ್ಟು ಸಲ ತೊಳೆದರು ಅಂತ ಅದರಲ್ಲಿರುತ್ತದೆ. ನಾನೇ ಮಾಡಿದ ಪದ್ಧತಿ. ಆ ದಿನದ ಪುಟದಲ್ಲಿ ನನ್ನ ಅಕ್ಷರ: "ಮೂರು ಸಲ." ಕೆಳಗೆ ನನ್ನ ಸಹಿ, ಬಾಲ ಎಳೆದು.

ಅಕ್ಷರ ನೋಡಿದ ಮೇಲೆ ಸುಳ್ಳು ಬರೆಯಲು ಆಗುತ್ತಿಲ್ಲ. ತೊಳೆದಿರಲಿಲ್ಲ. ಒಂದು ಸಲವೂ ಇಲ್ಲ. ಅವನು ಹೊಲದಿಂದ ಮನೆಗೆ ಬರುವಷ್ಟರಲ್ಲಿ ಸಿಂಪಡಿಸಿ ಮುಗಿಸಬೇಕು, ಮರುದಿನ ಬಳ್ಳಿ ನಳನಳಿಸುವುದನ್ನು ನೋಡಿ ಅವನು ಬಾಯಿ ಬಿಡಬೇಕು ಅಂತ ಆತುರವಿತ್ತು. ತೊಳೆದ ಪಂಪುಗಳ ಸಾಲಿನಲ್ಲಿದ್ದ ಒಂದನ್ನು ಎತ್ತಿಕೊಂಡೆ, ನಿಂತಲ್ಲೇ ಸಹಿ ಹಾಕಿದೆ, ಓಡಿದೆ. ಊರಿಗೆಲ್ಲ "ಬಳಸುವ ಮೊದಲು ತೊಳೆಯಿರಿ" ಅಂತ ಬೋರ್ಡು ಬರೆದವನು. ಸಾಹೇಬ್ರನ್ನು ಕೊಂದವನು ನಾನೇ.

ಮಹಡಿಯ ಮೆಟ್ಟಿಲು ಹದಿನೆಂಟು. ಸಂಜೆ ಒಂಬತ್ತನೇ ಮೆಟ್ಟಿಲವರೆಗೆ ಹತ್ತಿ ಇಳಿದು ಬಂದೆ. ನಾಚಿಕೆಯಾಗುತ್ತದೆ, ಮತ್ತೇನಲ್ಲ.

ಮಾರ್ಚ್ ೨೨, ಶನಿವಾರ

ಮುನ್ನೂರಲ್ಲ, ನಾನೂರು ಜನ ಬಂದಿದ್ದರು. ಶಾಮಿಯಾನದ ಮುಂದಿನ ಸಾಲಿನಲ್ಲಿ ಅಮ್ಮ, ನನ್ನ ಹೆಂಡತಿ, ಅವನ ಹೆಂಡತಿ. ನನ್ನ ಸ್ಪಂಜಿನ ಕೊರಳಿಗೆ ಮೈಕಿನವನು ಒಂದು ಸಣ್ಣ ಮೈಕು ಸಿಕ್ಕಿಸಿ ಹೋದ.

ಮೊದಲ ದೃಶ್ಯ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ತಮ್ಮ ಬಂದು ಕೂತ, ತಬ್ಬಿಕೊಂಡೆ, ಡ್ರೈವರು ನಿದ್ದೆ ಹೋದ, ಕಾರ್ಖಾನೆ ನಿಂತಿತು. ಮೇಡಂ ಧ್ವನಿವರ್ಧಕದಲ್ಲಿ, "ನೋಡಿ, ಎರಡನೇ ಸರಕಿಗೆ ಈಗ ಜಾಗವೇ ಇಲ್ಲ!" ಅಂದರು. ವಾಚ್‌ಮನ್ ನನ್ನ ಸುತ್ತ ಮೂರು ಸುತ್ತು ಬಂದ. ಜನ ಬಿದ್ದು ಬಿದ್ದು ನಕ್ಕರು.

ಮೂರನೇ ದೃಶ್ಯ. ನನ್ನ ಎದೆಗೆ "ಬದಲಾದ ಮಣಿ" ಅಂತ ಒಂದು ಕೆಂಪು ಚೆಂಡು ಅಂಟಿಸಿದರು. ತಮ್ಮ ಬಂದ. ನಾನು ತಳ್ಳಬೇಕು. ಎರಡೂ ಕೈ ಅವನ ಭುಜದ ಮೇಲಿಟ್ಟೆ. ಇನ್ನು ಮೂರೇ ದಿನಕ್ಕೆ ಇವನು ಹೋಗುತ್ತಾನೆ, ನಾನು ಎಲ್ಲರೆದುರು ಇವನಿಗೆ ಹೋಗು ಅನ್ನಬೇಕು. ಆಗಲಿಲ್ಲ. ತೋಳು ತಾವಾಗಿಯೇ ಮುಚ್ಚಿಕೊಂಡವು.

"ಸರ್, ತಳ್ಳಿ! ತಳ್ಳಿ!" ಮೇಡಂ ಪಕ್ಕದಿಂದ ಕೈಬೀಸುತ್ತಿದ್ದರು.

ಅವನ ಕಿವಿಯ ಹತ್ತಿರ ಪಿಸುಗುಟ್ಟಿದೆ. "ತೊಳೆದಿರ್ಲಿಲ್ಲ ಕಣೋ. ಒಂದು ಸಲಾನೂ ತೊಳೆದಿರ್ಲಿಲ್ಲ. ಸುಳ್ಳು ಸಹಿ ಹಾಕ್ದೆ. ತಪ್ಪಾಯ್ತು."

ಕೊರಳಿನ ಮೈಕು ನೆನಪಿಗೆ ಬಂದದ್ದು, ಶಾಮಿಯಾನದ ನಾಲ್ಕೂ ಮೂಲೆಯಿಂದ "ತಪ್ಪಾಯ್ತು" ಎಂದು ನನ್ನದೇ ದನಿ ಕೇಳಿದಾಗ.

ತಮ್ಮ ನನ್ನ ಸ್ಪಂಜಿಗೆ ಮುಖ ಒತ್ತಿದ. ಅಳುತ್ತಿದ್ದಾನೆ ಅಂದುಕೊಂಡೆ. "ಅಣ್ಣ" ಅಂದ. "ಆ ಪಂಪಲ್ಲಿ ಬೆಳಿಗ್ಗೆ ಕಳೆನಾಶಕ ಹೊಡೆದಿದ್ದು ನಾನೇ. ಸಾಹೇಬ್ರಿಗೆ ನೀರು ಹಾಕೋ ಹೊತ್ತಾಯ್ತು ಅಂತ ತೊಳೀದೆ ತೊಳೆದಿರೋ ಸಾಲಲ್ಲಿ ಇಟ್ಟು ಬಂದ್ಬಿಟ್ಟೆ. ಬಳ್ಳಿ ಒಣಗಿದಾಗಲೇ ನನಗೆ ಗೊತ್ತಾಗಿತ್ತು. ಭಯಕ್ಕೆ ನಿನ್ನ ಮೇಲೆ ಕೂಗಾಡ್ದೆ. ಆಮೇಲೆ ಹೇಗೆ ಹೇಳೋದು ಅಂತ ತಿಳೀಲಿಲ್ಲ."

ಅದೂ ನಾಲ್ಕು ಮೂಲೆಯಿಂದ ಕೇಳಿಸಿತು.

ಒಂದು ಕ್ಷಣ ಬಂದ ಸಿಟ್ಟು ಈ ಇನ್ನೂರು ಪುಟಕ್ಕೂ ಹಿಡಿಸುವಂಥದ್ದಲ್ಲ. ಮೂರು ವರ್ಷ! ಆದರೆ ಅವನನ್ನು ಬಿಟ್ಟು ಕೂಗಾಡಬೇಕಲ್ಲ, ಬಿಡಲು ಮನಸ್ಸಾಗಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಇಬ್ಬರೂ ಅತ್ತೆವು. ಸ್ಪಂಜಿಗೆ ಬಳಿದ ಹಸಿರು ಅವನ ಕೆನ್ನೆಗೆಲ್ಲ ಅಂಟಿತು.

ಮುಂದಿನ ಸಾಲಿನಲ್ಲಿ ಅಮ್ಮ ಎದ್ದು ನಿಂತಳು. "ಮೂರು ವರ್ಷ ನನ್ನನ್ನ ಮೆಟ್ಟಿಲು ಹತ್ತಿಸಿ ಇಳಿಸಿದ್ರಲ್ಲೋ, ಮುಟ್ಠಾಳರಾ! ಇಬ್ರೂ ಮನೆಗೆ ಬನ್ನಿ, ಮಾಡ್ತೀನಿ!" ಅದಕ್ಕೆ ಮೈಕು ಬೇಕಾಗಲಿಲ್ಲ.

"ನಾನೆಲ್ಲಿ ಕೂರ್ಲಿ?" ಅಂದ ವಾಚ್‌ಮನ್.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲ ನಾಟಕದ ಭಾಗವೇ ಅಂದುಕೊಂಡರು. ಆ ಸದ್ದಿಗೆ ಡ್ರೈವರು ಎದ್ದು, ಎಲ್ಲರಿಗಿಂತ ಮೊದಲು ತಾನೇ ನಮಸ್ಕಾರ ಮಾಡಿದ.

ಪ್ರಶ್ನೆಗಳ ಹೊತ್ತಿನಲ್ಲಿ ಕಿಣ್ವದ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಹದಿನೇಳು ಪ್ರಶ್ನೆಯೂ ಪಂಪು ತೊಳೆಯುವುದರ ಮೇಲೆ. ಒಬ್ಬ ರೈತ ಹೆಂಗಸು ಮಾತ್ರ, "ಕೊನೇಲಿ ಕಳೆ ಸತ್ತಿತೋ ಬದುಕ್ತೋ?" ಅಂದಳು. ಮೇಡಂ ಹಣೆ ಒರೆಸಿಕೊಂಡು, "ಬದುಕಬೇಕಿತ್ತಮ್ಮ. ಜಾಗ ಕಿರಿದಾಗಿ ಕಳೆನಾಶಕ ಕೂರೋಕೆ ಆಗಬಾರ್ದಿತ್ತು. ಅದಕ್ಕೇ ವರ್ಷವರ್ಷ ಒಂದನ್ನೇ ಹೊಡೀಬೇಡಿ ಅಂತ ಹೇಳೋಕೆ ಹೊರಟಿದ್ದೆ. ಆದ್ರೆ ನಮ್ಮ ಕಿಣ್ವ ಬಿಡ್ಲೇ ಇಲ್ಲ" ಅಂದರು.

ಮಾರ್ಚ್ ೨೩, ಭಾನುವಾರ

ಮಧ್ಯಾಹ್ನ ಎಲ್ಲರೂ ಕೆಳಗೆ ಒಟ್ಟಿಗೆ ಊಟ ಮಾಡಿದೆವು. ಅಮ್ಮ ಇಬ್ಬರನ್ನೂ ಒಂದು ಗಂಟೆ ಬೈದಳು, ಆಮೇಲೆ ಸುಸ್ತಾಗಿ ಮಲಗಿದಳು.

ವರ್ಗದ ಆದೇಶ ರದ್ದು ಮಾಡಿಸೋಣ ಅಂದೆ. ತಮ್ಮ ನಿನ್ನೆಯೇ ನಿರ್ದೇಶಕರನ್ನು ಕೇಳಿದ್ದನಂತೆ. ಇವನ ಬದಲಿಗೆ ಅಲ್ಲಿಂದ ಇಲ್ಲಿಗೆ ಬರುವವನು ಆಗಲೇ ರೈಲು ಹತ್ತಿದ್ದಾನಂತೆ. ಮತ್ತೆ ಕೇಳಲು ಎರಡು ವರ್ಷ ಕಾಯಬೇಕು.

"ನೀನು ಇನ್ನೂ ಮೂಗಲ್ಲಿ ಸಿಳ್ಳೆ ಹಾಕ್ತೀಯ" ಅಂದೆ.

"ನಿನ್ನ ಮೊಣಕೈ ಈಟಿ ಇದ್ದ ಹಾಗಿದೆ" ಅಂದ.

ಮಾರ್ಚ್ ೨೫, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು. ಹತ್ತರೊಳಗೆ ಎಲ್ಲ ಸಾಮಾನು ಏರಿತು, ಮರದ ಬೀರು ಒಂದು ಬಿಟ್ಟು. ಅದನ್ನು ನಾನೂ ತಮ್ಮನೂ ಹಿಡಿದುಕೊಂಡು ಮೆಟ್ಟಿಲಿಳಿದೆವು. ಅವನು ಕೆಳಗೆ, ನಾನು ಮೇಲೆ. ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು.

"ನಿನ್ನ ಕಡೆ ಎತ್ತು" ಅಂದೆ. "ನೀನು ಇಳಿಸು" ಅಂದ. "ನಾನು ಇಪ್ಪತ್ತೇಳು ವರ್ಷದಿಂದ ಸಾಮಾನು ಎತ್ತಿಡೋನು, ನನಗೆ ಹೇಳ್ಕೊಡ್ಬೇಡ" ಅಂದೆ. "ಅದಕ್ಕೇ ಸಿಕ್ಕಿಹಾಕ್ಕೊಂಡಿದೆ" ಅಂದ. ಬೀರಿನ ಬಾಗಿಲು ಕಳಚಿದರೆ ಸಲೀಸಾಗಿ ಇಳಿಯುತ್ತದೆಂದು ಅವನ ಹೆಂಡತಿ ಕೆಳಗಿನಿಂದ ಕೂಗಿದಳು. ಕಳಚಲು ಸ್ಕ್ರೂಡ್ರೈವರ್ ಬೇಕು. ಅವರದು ಲಾರಿಯ ತಳದಲ್ಲಿ ಯಾವುದೋ ಪೆಟ್ಟಿಗೆಯಲ್ಲಿತ್ತು. ನಮ್ಮದು ಎಲ್ಲಿದೆಯೋ ಹೆಂಡತಿಗೆ ಸಿಗಲಿಲ್ಲ. ಲಾರಿಯವನು ಹಾರ್ನ್ ಹೊಡೆದು ಹೊಡೆದು ಬೇಸತ್ತು ಟೀ ಕುಡಿಯಲು ಹೋದ.

ಹೀಗೆ ಒಂದೂವರೆ ಗಂಟೆ ಬೀರಿನ ಆಚೆ ಈಚೆ ಮೆಟ್ಟಿಲ ಮೇಲೆ ಕೂತಿದ್ದೆವು. ಬೀರಿನ ಸಂದಿಯಲ್ಲಿ ಅವನ ಅರ್ಧ ಮುಖ ಕಾಣುತ್ತಿತ್ತು. ಹೊಸ ಕೇಂದ್ರದ ಬಗ್ಗೆ ಹೇಳಿದ. ಅಲ್ಲಿ ಹಿತ್ತಿಲಿದೆಯಂತೆ, ಬಳ್ಳಿ ಹಾಕುತ್ತಾನಂತೆ. ನಾನು ಬರುವವರೆಗೆ ಅದಕ್ಕೆ ಯಾರೂ ಏನೂ ಸಿಂಪಡಿಸಬಾರದು ಅಂದೆ. ನೀನು ಬಂದ ಮೇಲಂತೂ ಸಿಂಪಡಿಸಲೇಬಾರದು ಅಂದ. ಮೂರು ವರ್ಷದಲ್ಲಿ ಆಡದೆ ಉಳಿದ ಮಾತುಗಳಲ್ಲಿ ಒಂದಿಷ್ಟು ಆಡಿ ಮುಗಿಸಿದೆವು. ಲಾರಿಯವನು ಟೀ ಮುಗಿಸಿ ತನ್ನ ಸ್ಕ್ರೂಡ್ರೈವರ್ ತಂದುಕೊಟ್ಟ. ಐದು ನಿಮಿಷದಲ್ಲಿ ಬೀರು ಇಳಿಯಿತು. ಲಾರಿ ಹೋಯಿತು, ಹಿಂದೆಯೇ ಅವರೂ ಹೋದರು.

ಈಗ ತಲೆಯ ಮೇಲೆ ಸದ್ದಿಲ್ಲ. ಅಮ್ಮ ಎರಡು ಸಲ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದಳು. ನನಗೆ ತುಂಬಾ ಬೇಜಾರಾಗಿದೆ.

ನಮ್ಮ ಮನೆಯ ಸ್ಕ್ರೂಡ್ರೈವರ್ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಒಂದೂವರೆ ಗಂಟೆಯೂ ಅದು ತೊಡೆಗೆ ಚುಚ್ಚುತ್ತಿತ್ತು. ನಾಳೆ ಬೆಳಿಗ್ಗೆ ಫೋನ್ ಮಾಡಿ ಅವನಿಗೆ ಹೇಳಿಬಿಡುತ್ತೇನೆ. ಬೈಯುತ್ತಾನೆ. ಬೈಯಲಿ.